ಏಳೂ ಸರಿ, ಎರಡೂ ಸರಿ. ತಪ್ಪಿದ್ದು ನಮ್ಮ ಪ್ರಶ್ನೆ

ಇದು ಒಂದು ಅಂಕದ ಕತೆ. ಒಂದು ಅಂಕಕ್ಕಾಗಿ ಇಷ್ಟುದ್ದ ಬರೆಯಬೇಕೇ ಎನ್ನುವವರು ದಯವಿಟ್ಟು ಕೊನೆಯ ತನಕ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ನಮ್ಮ ಶಾಲೆಯಲ್ಲಿ ವರ್ಷಕ್ಕೊಮ್ಮೆ ಸಾಮಾನ್ಯ ಜ್ಞಾನದ ರಸಪ್ರಶ್ನೆ ಮಾಡುತ್ತೇವೆ. ಈ ಸಲ ಅದರಲ್ಲಿ ನಾಡಿನ ಧರ್ಮಗಳ ಬಗ್ಗೆಯೂ ಹತ್ತು ಪ್ರಶ್ನೆಗಳಿದ್ದವು. ಅದರಲ್ಲೊಂದು: "ಕ್ರೈಸ್ತರಿಗೆ ಎಷ್ಟು ಸಂಸ್ಕಾರಗಳು?" ನಾವು ಸಿದ್ಧ ಮಾಡಿಟ್ಟುಕೊಂಡಿದ್ದ ಉತ್ತರ, ಏಳು. ಏಳನೇ ತರಗತಿಯ ಒಬ್ಬ ಹುಡುಗ ಎರಡು ಎಂದು ಬರೆದ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದವರು ಬೇರೆ ಯಾರೂ ಅಲ್ಲ, ನಾವೇ.

ಮರುದಿನ ಮಧ್ಯಾಹ್ನದ ಊಟ ಮುಗಿಸಿ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. "ಟೀಚರ್, ನಮ್ಮ ಚರ್ಚಿನ ಅಯ್ಯನವರು ಎರಡೇ ಅಂತ ಹೇಳಿಕೊಟ್ಟದ್ದು" ಎಂದ. ಅವನ ಹಿಂದೆಯೇ ಬಂದಿದ್ದ ಅದೇ ತರಗತಿಯ ಹುಡುಗಿ ಬಿಡಲಿಲ್ಲ. "ಅಲ್ಲ ಟೀಚರ್, ಏಳೇ. ನಾವು ದೊತೊರ್ನ್ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೇವೆ" ಎಂದಳು. ಹುಡುಗ ಬಾಸೆಲ್ ಮಿಶನ್ ಪರಂಪರೆಯ ಮನೆಯವನು. ಹುಡುಗಿ ಮನೆಯಲ್ಲಿ ಕೊಂಕಣಿ ಆಡುವ ಕ್ಯಾಥೊಲಿಕ್ ಕುಟುಂಬದವಳು. ಇಬ್ಬರೂ ಹೇಳಿದ್ದು ಸರಿ. ತಪ್ಪು ಹೇಳಿದ್ದು ನಾವು.

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಬಂದ ಉತ್ತರವೇ ಈ ಬರಹಕ್ಕೆ ಕಾರಣ. "ಏಳೋ ಎರಡೋ ಬಿಡಿ ಟೀಚರ್. ಎಲ್ಲ ಕ್ರಿಶ್ಚನ್ನರೂ ಒಂದೇ ಅಲ್ವಾ?"

ಅಲ್ಲ. ಒಂದೇ ಅಲ್ಲ. "ಎಲ್ಲ ಒಂದೇ" ಎನ್ನುವ ಮಾತು ನಮ್ಮ ಶಾಲೆಗಳಲ್ಲಿ ಬಹಳ ಒಳ್ಳೆಯ ಮಾತಿನಂತೆ ಓಡಾಡುತ್ತಿದೆ. ಕೇಳುವುದಕ್ಕೆ ಉದಾರವಾಗಿದೆ, ನಿಜ. ಆದರೆ ಹೆಚ್ಚಿನ ಸಲ ಅದರ ಅರ್ಥ ಇಷ್ಟೇ: ನಿಮ್ಮ ಬಗ್ಗೆ ತಿಳಿದುಕೊಳ್ಳುವ ತೊಂದರೆ ನಮಗೆ ಬೇಡ.

ಮೊದಲು ಲೆಕ್ಕವನ್ನೇ ನೋಡೋಣ. ಕ್ಯಾಥೊಲಿಕರ ಏಳು ಸಂಸ್ಕಾರಗಳು ಇವು: ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ, ವಿವಾಹ. ಈ ಸಂಖ್ಯೆ ಕೂಡ ಮೊದಲ ದಿನದಿಂದ ಕಲ್ಲಿನಲ್ಲಿ ಕೊರೆದಿಟ್ಟದ್ದಲ್ಲ. ಮಧ್ಯಯುಗದಲ್ಲಿ ಏಳು ಎಂಬ ಎಣಿಕೆ ನೆಲೆಗೊಂಡಿತು, 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಅದನ್ನು ಹೇಳಿತು, 1547ರಲ್ಲಿ ಟ್ರೆಂಟ್ ಮಹಾಸಭೆ ಏಳಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ಗಟ್ಟಿ ಮಾಡಿತು. 1547ರಲ್ಲೇ ಏಕೆ? ಅಷ್ಟರಲ್ಲಿ ಎರಡು ಎನ್ನುವವರು ಬಂದಾಗಿತ್ತು!

1520ರಲ್ಲಿ ಮಾರ್ಟಿನ್ ಲೂಥರ್ ಬರೆದ ಪುಸ್ತಕವೊಂದು ಈ ಏಳನ್ನು ಒಂದೊಂದಾಗಿ ಪರೀಕ್ಷೆ ಮಾಡಿತು. ಯೇಸು ತಾನೇ ಆಜ್ಞೆ ಕೊಟ್ಟಿರಬೇಕು, ಜೊತೆಗೆ ಕಣ್ಣಿಗೆ ಕಾಣುವ ಒಂದು ಗುರುತು ಇರಬೇಕು, ಆಗ ಮಾತ್ರ ಅದು ಸಂಸ್ಕಾರ ಎಂಬುದು ವಾದ. ಹಾಗೆ ಸೋಸಿದಾಗ ಕೊನೆಗೆ ಉಳಿದದ್ದು ಎರಡು: ನೀರಿನ ದೀಕ್ಷಾಸ್ನಾನ, ರೊಟ್ಟಿ ಮತ್ತು ದ್ರಾಕ್ಷಾರಸದ ಕರ್ತನ ಭೋಜನ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ತಂದದ್ದು ಈ ಎರಡನ್ನು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳು ಕೂಡಿ ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ನಾವು ಸಿ.ಎಸ್.ಐ. ಎನ್ನುವುದು, ಒಪ್ಪಿಕೊಂಡದ್ದೂ ಈ ಎರಡನ್ನೇ. ಅವರಲ್ಲಿ ದೃಢೀಕರಣ ಇಲ್ಲವೇ? ಇದೆ. ಮದುವೆ ಚರ್ಚಿನಲ್ಲಿ ಆಗುವುದಿಲ್ಲವೇ? ಆಗುತ್ತದೆ. ಆದರೆ ಅವನ್ನು ಆ ಎರಡರ ಸಾಲಿನಲ್ಲಿ ಕೂರಿಸುವುದಿಲ್ಲ. ನಮ್ಮ ಹುಡುಗ ಎರಡು ಎಂದು ಬರೆದಾಗ ಅವನ ಹಿಂದೆ ಐನೂರು ವರ್ಷದ ವಾದ ಇತ್ತು. ನಾವು ಅದಕ್ಕೆ ಸೊನ್ನೆ ಕೊಟ್ಟೆವು.

ಸೊನ್ನೆ ಎಂದಾಗ ನೆನಪಾಯಿತು. ಸೊನ್ನೆ ಕೂಡ ಸರಿಯುತ್ತರವೇ! 1882ರಿಂದ ಭಾರತದಲ್ಲಿ ಕೆಲಸ ಮಾಡುತ್ತಿರುವ ಸಾಲ್ವೇಶನ್ ಆರ್ಮಿಯವರು ದೀಕ್ಷಾಸ್ನಾನವನ್ನೂ ಮಾಡುವುದಿಲ್ಲ, ಕರ್ತನ ಭೋಜನವನ್ನೂ ಮಾಡುವುದಿಲ್ಲ. ಕ್ವೇಕರರೂ ಹಾಗೆಯೇ. ಬದುಕೇ ಸಂಸ್ಕಾರವಾಗಬೇಕು, ಹೊರಗಿನ ಗುರುತು ಬೇಕಾಗಿಲ್ಲ ಎಂಬುದು ಅವರ ನಿಲುವು. ಅವರೂ ಕ್ರೈಸ್ತರೇ.

ಇನ್ನು ನಮ್ಮ ಜಿಲ್ಲೆಯ ಬೆಟ್ಟದ ಕಡೆಗೆ ಬನ್ನಿ. 1943ರಲ್ಲಿ ಕೋಟ್ಟಯಂ ಕಡೆಯ ಕ್ನಾನಾಯ ಕ್ಯಾಥೊಲಿಕ್ ಕುಟುಂಬಗಳು ಬಂದು ರಾಜಪುರವನ್ನು ಕಟ್ಟಿದವು. ಅದರ ಹಿಂದೆ ಮುಂದೆ ತಿರುವಾಂಕೂರಿನಿಂದ ಎಷ್ಟೋ ಮಂದಿ ಬಂದರು. ಅವರಲ್ಲಿ ಸಿರೋ ಮಲಬಾರ್ ಕ್ಯಾಥೊಲಿಕರಿದ್ದಾರೆ, ಆರ್ಥಡಾಕ್ಸರು, ಯಾಕೋಬಾಯರು, ಮಾರ್ಥೋಮದವರು ಇದ್ದಾರೆ. ಅವರ ಬಾಯಲ್ಲಿ ಸಂಸ್ಕಾರ ಎಂದರೆ ಕೂದಾಶ, ದೀಕ್ಷಾಸ್ನಾನ ಎಂದರೆ ಮಾಮೋದೀಸಾ, ಬಲಿಪೂಜೆ ಎಂದರೆ ಕುರ್ಬಾನ. ಇವು ಸಿರಿಯಕ್ ಭಾಷೆಯಿಂದ ಬಂದ ಮಾತುಗಳು. ಆರ್ಥಡಾಕ್ಸ್ ಮನೆಯ ಹಸುಗೂಸಿಗೆ ಮಾಮೋದೀಸಾ ಆದ ಕೂಡಲೇ ಮೂರೋನ್ ಎಂಬ ಪವಿತ್ರ ತೈಲ ಹಚ್ಚುತ್ತಾರೆ, ಅದೇ ದಿನ ಕುರ್ಬಾನವನ್ನೂ ಕೊಡುತ್ತಾರೆ. ನಮ್ಮ ಕೊಂಕಣಿ ಹುಡುಗಿಗೆ ಇದೇ ಮೂರು ಬೇರೆ ಬೇರೆ ವಯಸ್ಸಿನಲ್ಲಿ ಸಿಗುತ್ತವೆ. ಹುಟ್ಟಿದ ಕೆಲವು ವಾರಗಳಲ್ಲಿ ದೀಕ್ಷಾಸ್ನಾನ, ಬುದ್ಧಿ ತಿಳಿದ ಮೇಲೆ ಬಿಳಿ ಬಟ್ಟೆ ತೊಟ್ಟು ಮೊದಲ ಪರಮಪ್ರಸಾದ, ಇನ್ನೂ ದೊಡ್ಡವಳಾದ ಮೇಲೆ ಬಿಷಪರ ಕೈಯಿಂದ ದೃಢೀಕರಣ. ಎಣಿಕೆ ಏಳೇ ಆದರೂ ಕೊಡುವ ಹೊತ್ತು ಬೇರೆ, ಕ್ರಮ ಬೇರೆ.

ನಾಲ್ಕನೇ ಮಗುವಿನ ವಿಷಯ ಇನ್ನೂ ಕಷ್ಟದ್ದು. ಪೆಂತೆಕೋಸ್ತ್ ಮನೆಯ ಒಬ್ಬ ಹುಡುಗ ಹಿಂದೊಮ್ಮೆ ತರಗತಿಯಲ್ಲಿ, "ನನಗೆ ಇನ್ನೂ ದೀಕ್ಷಾಸ್ನಾನ ಆಗಿಲ್ಲ" ಎಂದ. ಉಳಿದ ಮಕ್ಕಳು ನಕ್ಕರು. "ಹಾಗಾದ್ರೆ ನೀನು ಕ್ರಿಶ್ಚನ್ನೇ ಅಲ್ಲ" ಎಂದು ಒಬ್ಬ ಕೂಗಿದ. ನಾವು ಅಲ್ಲೇ ಇದ್ದೆವು. ನಗುವುದನ್ನು ನಿಲ್ಲಿಸಿದೆವು, ಆದರೆ ವಿವರಿಸಲಿಲ್ಲ. ಏಕೆಂದರೆ ಆಗ ನಮಗೇ ಗೊತ್ತಿರಲಿಲ್ಲ. ಪೆಂತೆಕೋಸ್ತ್, ಬ್ರದರನ್, ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಶಿಶುವಿಗೆ ದೀಕ್ಷಾಸ್ನಾನ ಇಲ್ಲ. ತಾನಾಗಿ ತಿಳಿದು, ನಂಬಿಕೆಯನ್ನು ಬಾಯಿಬಿಟ್ಟು ಹೇಳುವ ವಯಸ್ಸಿಗೆ ಬಂದವರನ್ನು ಮಾತ್ರ ಹೊಳೆಯಲ್ಲೋ ತೊಟ್ಟಿಯಲ್ಲೋ ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ಆ ಹುಡುಗನ ಮನೆಯವರು ಏನನ್ನೂ ಮರೆತಿರಲಿಲ್ಲ, ಉದಾಸೀನ ಮಾಡಿರಲಿಲ್ಲ. ಅವರು ತಮ್ಮ ನಂಬಿಕೆಯ ಪ್ರಕಾರ ಸರಿಯಾಗಿಯೇ ನಡೆದುಕೊಂಡಿದ್ದರು.

ಇಂಥ ಸಣ್ಣ ವ್ಯತ್ಯಾಸಕ್ಕೆ ಏನು ಮಹಾ ಬೆಲೆ ಎನ್ನಬೇಡಿ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲವರು ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿಯಲ್ಲಿ ಅಲ್ಲಿನ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದ್ದು ರೋಮಿನ ಪೋಪರಲ್ಲ, ಸುಧಾರಣೆಯ ಪರವಾಗಿದ್ದ ಆ ನಗರದ ಆಡಳಿತವೇ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಲೂಥರ್ ಮತ್ತು ಸ್ವಿಂಗ್ಲಿ ಎದುರೆದುರು ಕೂತರು. ಬೇರೆಲ್ಲ ಮಾತಿಗೆ ಒಪ್ಪಿಗೆಯಾಯಿತು. ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿ ಇದೆಯೋ ಅಥವಾ ಅದು ನೆನಪಿನ ಗುರುತೋ ಎಂಬ ಒಂದು ಮಾತಿನಲ್ಲಿ ಮುರಿದುಬಿತ್ತು. ನಮ್ಮ ಕೇರಳದಲ್ಲೇ ನೋಡಿ. 1599ರಲ್ಲಿ ಪೋರ್ಚುಗೀಸರು ಉದಯಂಪೇರೂರಿನಲ್ಲಿ ಸಭೆ ಸೇರಿಸಿ ಇಲ್ಲಿನ ನಸ್ರಾಣಿಗಳ ಆರಾಧನೆಯನ್ನು ರೋಮಿನ ಪದ್ಧತಿಗೆ ತಿದ್ದಿಸಿದರು. ಆ ಅಸಮಾಧಾನ ಒಳಗೊಳಗೇ ಬೆಳೆದು 1653ರಲ್ಲಿ ಮಟ್ಟಾಂಚೇರಿಯಲ್ಲಿ ಕೂನನ್ ಕುರಿಶಿನ ಪ್ರತಿಜ್ಞೆಯಾಗಿ ಸಿಡಿಯಿತು. ಇದು ಬರೀ ಹಳೆಯ ಕತೆಯೂ ಅಲ್ಲ. ಕುರ್ಬಾನದ ಹೊತ್ತಿಗೆ ಗುರುಗಳು ಜನರ ಕಡೆ ಮುಖ ಮಾಡಬೇಕೋ ಬಲಿಪೀಠದ ಕಡೆಗೋ ಎಂಬ ಬಗ್ಗೆ ಸಿರೋ ಮಲಬಾರ್ ಸಭೆ 2021ರಲ್ಲಿ ಮಾಡಿದ ತೀರ್ಮಾನಕ್ಕೆ ಎರ್ನಾಕುಳಂ ಕಡೆ ಎಷ್ಟು ದೊಡ್ಡ ಪ್ರತಿಭಟನೆ ಆಯಿತು ಎಂಬುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಜನ ಇಷ್ಟೆಲ್ಲ ಕಷ್ಟಪಟ್ಟು ಹಿಡಿದುಕೊಂಡದ್ದನ್ನು ನಾವು ಚಹಾ ಕುಡಿಯುತ್ತಾ "ಎಲ್ಲ ಒಂದೇ" ಎಂದು ಒರೆಸಿಹಾಕುವುದು ಯಾವ ಸೌಹಾರ್ದ?

ಇನ್ನು ಆರಾಧನೆ. ನಮ್ಮ ಮಕ್ಕಳು ಬರೆಯುವ ಪ್ರಬಂಧಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ, ಕ್ರೈಸ್ತರು ಭಾನುವಾರ ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಪೂಜೆ ಮಾಡುತ್ತಾರೆ ಎಂದು. ಬರೆಸಿದವರು ನಾವೇ. ಅದೇ ಭಾನುವಾರ ಬೆಳಿಗ್ಗೆ ಈ ನಾಲ್ಕು ಮಕ್ಕಳು ಎಲ್ಲಿರುತ್ತಾರೆ ಎಂದು ನೋಡಿ. ಹುಡುಗಿ ಮೀಸ್‌ಗೆ ಹೋಗಿರುತ್ತಾಳೆ. ಬೇಳದಂಥ ನಮ್ಮ ಹಳೆಯ ಇಗರ್ಜಿಗಳು ಗಡಿ ದಾಟಿ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿವೆ. ಅವಳ ಅಜ್ಜಿ ಚಿಕ್ಕವಳಿದ್ದಾಗ ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಊರ ಭಾಷೆಗೆ ಬಾಗಿಲು ತೆರೆದ ಮೇಲೆ ಕೊಂಕಣಿ, ಕನ್ನಡ ಬಲಿಪೀಠದ ಹತ್ತಿರ ಬಂದವು. ಅಲ್ಲಿ ಬಲಿಪೂಜೆಯೇ ನಡು, ಪ್ರವಚನ ಅದರ ಒಂದು ಭಾಗ.

ನಮ್ಮ ಹುಡುಗನ ಚರ್ಚಿನಲ್ಲಿ ಪೂಜೆ ಎಂಬ ಮಾತೇ ಇಲ್ಲ, ಆರಾಧನೆ ಎನ್ನುತ್ತಾರೆ. ಸತ್ಯವೇದದ ಓದು, ಕನ್ನಡ ಸಂಗೀತಗಳು, ಉದ್ದದ ಪ್ರಸಂಗ. ಕರ್ತನ ಭೋಜನ ಪ್ರತಿ ಭಾನುವಾರವೂ ಇರಬೇಕೆಂದಿಲ್ಲ. ಇದ್ದ ದಿನ ರೊಟ್ಟಿಯೂ ದ್ರಾಕ್ಷಾರಸವೂ ಎರಡೂ ಎಲ್ಲರಿಗೂ. ಸಿ.ಎಸ್.ಐ. ಸಭೆ 1950ರಲ್ಲಿ ಮಾಡಿಕೊಂಡ ಆರಾಧನಾ ಕ್ರಮದಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಮಾಧಾನವನ್ನು ದಾಟಿಸುವ ಪದ್ಧತಿ ಇದೆ. ಅದನ್ನು ಪಡೆದದ್ದು ಕೇರಳದ ಸುರಿಯಾನಿ ಸಭೆಗಳಿಂದ. ಅಂದರೆ ಇವರು ಬೇರೆ ಬೇರೆ ಮಾತ್ರವಲ್ಲ, ಒಬ್ಬರಿಂದೊಬ್ಬರು ಕಲಿತಿದ್ದಾರೆ ಕೂಡ. "ಎಲ್ಲ ಒಂದೇ" ಎನ್ನುವವರಿಗೆ ಈ ಕೊಡುಕೊಳೆಯೂ ಕಾಣುವುದಿಲ್ಲ. ಬೇರೆ ಎಂದು ಗೊತ್ತಿದ್ದರೆ ತಾನೇ ಕೊಟ್ಟದ್ದು ತೆಗೆದುಕೊಂಡದ್ದು ತಿಳಿಯುವುದು?

ಆರ್ಥಡಾಕ್ಸ್ ಪಳ್ಳಿಯಲ್ಲಿ ಬಲಿಪೀಠದ ಮುಂದೆ ತೆರೆ, ಧೂಪ, ಪೂರ್ವಕ್ಕೆ ಮುಖ ಮಾಡಿ ನಿಂತ ಜನ. ಪೆಂತೆಕೋಸ್ತ್ ಸಭಾಕೂಟದಲ್ಲಿ ಮೇಣದ ಬತ್ತಿಯೂ ಇಲ್ಲ, ಪ್ರತಿಮೆಯೂ ಇಲ್ಲ, ಅಚ್ಚಾದ ಕ್ರಮವೂ ಇಲ್ಲ. ಚಪ್ಪಾಳೆ, ಹಾಡು, ಎದ್ದು ನಿಂತು ಹೇಳುವ ಸಾಕ್ಷಿ, ಅನ್ಯಭಾಷೆಯ ಪ್ರಾರ್ಥನೆ. ಈಗ ಹೇಳಿ, ಮೇಣದ ಬತ್ತಿಯ ವಾಕ್ಯ ಇವರಲ್ಲಿ ಯಾರದ್ದು?

ನಮ್ಮ ಶಾಲೆಗಳ ಕ್ರಿಸ್‌ಮಸ್ ಆಚರಣೆಯೂ ಹಾಗೆಯೇ. ರಜೆಗೆ ಮುಂಚೆ ಒಂದು ದಿನ ಹತ್ತಿಯ ಗಡ್ಡ ಕಟ್ಟಿ ಕ್ರಿಸ್‌ಮಸ್ ತಾತನನ್ನು ಕುಣಿಸಿ, ಮೊಟ್ಟೆ ಹಾಕಿದ ಕೇಕನ್ನು ಕ್ರಿಶ್ಚನ್ ಮಕ್ಕಳ ಬಾಯಿಗೇ ಮೊದಲು ಇಡುತ್ತೇವೆ. ಸುರಿಯಾನಿ ಮನೆಗಳಲ್ಲಿ ಡಿಸೆಂಬರ್ ಒಂದರಿಂದ ಕ್ರಿಸ್‌ಮಸ್ ತನಕ ಇಪ್ಪತ್ತೈದು ದಿನದ ನೋಂಬು ಇರುತ್ತದೆ, ಅದನ್ನು ಪಾಲಿಸುವವರು ಮೀನು, ಮಾಂಸ, ಮೊಟ್ಟೆ ಬಿಡುತ್ತಾರೆ. ಇತ್ತ ಪೆಂತೆಕೋಸ್ತ್, ಬ್ರದರನ್ ಮನೆಗಳಲ್ಲಿ ಕೆಲವರು ಕ್ರಿಸ್‌ಮಸ್ ಆಚರಿಸುವುದೇ ಇಲ್ಲ. ಒಂದು ಮಗುವಿನ ವ್ರತ ಮುರಿಸಿ, ಇನ್ನೊಂದಕ್ಕೆ ಮುಜುಗರ ಮಾಡಿ, ಫೋಟೋ ಹಿಡಿದು ಅದನ್ನು ಮತಸೌಹಾರ್ದ ಎಂದು ಕರೆಯುತ್ತೇವೆ.

ಈಗ ಆಕ್ಷೇಪಗಳಿಗೆ ಬರೋಣ. ನಮಗೆ ಮೂರು ಕೇಳಿಸಿದವು.

ಮೊದಲನೆಯದು, ಭೇದ ಕಲಿಸಿದರೆ ಮಕ್ಕಳಲ್ಲಿ ಜಗಳ ಹುಟ್ಟುತ್ತದೆ ಎಂಬುದು. ನಮ್ಮ ಅನುಭವ ತಿರುಗಾಮುರುಗಾ. ಆ ದಿನ ಹುಡುಗ ಹುಡುಗಿ ಜಗಳವಾಡಿದ್ದು ಭೇದ ಕಲಿತದ್ದರಿಂದಲ್ಲ, ಒಂದೇ ಉತ್ತರ ಸರಿ ಎಂದು ನಾವು ಹೇಳಿದ್ದರಿಂದ. ಇಬ್ಬರೂ ಸರಿ ಎಂದಾಗ ಅವರು ಜಗಳ ಬಿಟ್ಟು ಪಟ್ಟಿ ಮಾಡಲು ಕೂತರು. ದೊಡ್ಡವರೂ ಹೀಗೆ ಕೂತಿದ್ದಾರೆ. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ಹಲವು ಸಭೆಗಳ ಪಂಡಿತರು ಸೇರಿ ದೀಕ್ಷಾಸ್ನಾನ, ಪ್ರಭುಭೋಜನ, ಗುರುಸೇವೆಗಳ ಬಗ್ಗೆ ಎಲ್ಲಿ ಒಪ್ಪುತ್ತೇವೆ, ಎಲ್ಲಿ ಒಪ್ಪುವುದಿಲ್ಲ ಎಂದು ಬರೆದಿಟ್ಟರು. ಭೇದವನ್ನು ಮುಚ್ಚಿಟ್ಟು ಅಲ್ಲ, ಎದುರಿಗೆ ಇಟ್ಟುಕೊಂಡು.

ಎರಡನೆಯದು, ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಮತಬೋಧನೆ ಕೂಡದು ಎಂಬುದು. ಕೂಡದು, ಒಪ್ಪಿದೆವು. ಸಂವಿಧಾನದ 28ನೇ ವಿಧಿ ಅದನ್ನೇ ಹೇಳುತ್ತದೆ. ಆದರೆ ಮತವನ್ನು ಬೋಧಿಸುವುದು ಬೇರೆ, ಮತಗಳ ಬಗ್ಗೆ ತಿಳಿಸುವುದು ಬೇರೆ. ಅರುಣಾ ರಾಯ್ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿದೆ. ಇಷ್ಟಕ್ಕೂ ಏಳು ಎಂದು ಒಂದೇ ಉತ್ತರಕ್ಕೆ ಅಂಕ ಕೊಟ್ಟದ್ದೇ ಮತಬೋಧನೆಗೆ ಹತ್ತಿರ. ಒಂದು ಸಭೆಯ ಸಿದ್ಧಾಂತವನ್ನು ಎಲ್ಲ ಕ್ರೈಸ್ತರ ಸಿದ್ಧಾಂತ ಮಾಡಿ, ಒಪ್ಪದವನ ಅಂಕ ಕಳೆದವರು ನಾವು.

ಮೂರನೆಯದೇ ನಮಗೆ ಹೆಚ್ಚು ನೋವು ತಂದದ್ದು. "ಕನ್ನಡ ಶಾಲೆಯನ್ನು ಉಳಿಸುವುದೇ ಕಷ್ಟ, ಇದೆಲ್ಲ ಯಾಕೆ?" ಸ್ವಾಮಿ, ಕನ್ನಡ ಶಾಲೆ ಉಳಿಯಬೇಕಾದ್ದರಿಂದಲೇ! 1956ರಲ್ಲಿ ಈ ಊರು ಕೇರಳಕ್ಕೆ ಸೇರಿದ ಮೇಲೆ ನಾವು ಗಳಿಗೆಗೊಮ್ಮೆ ಹೇಳುತ್ತಾ ಬಂದ ಮಾತೇನು? ನಮ್ಮನ್ನು ಎಲ್ಲರ ಜೊತೆ ಸೇರಿಸಿ ಒಂದೇ ಮಾಡಬೇಡಿ, ನಮ್ಮ ಮಾತು ಬೇರೆ, ನಮ್ಮ ನಡೆ ಬೇರೆ, ಅದನ್ನು ಗುರುತಿಸಿ ಎಂದು. ತಿರುವನಂತಪುರದಿಂದ ಕನ್ನಡ ಬಾರದ ಅಧ್ಯಾಪಕರು ಬಂದಾಗ ನಾವು ಬೀದಿಗಿಳಿದೆವು. ಅದೇ ನಾವು ನಮ್ಮ ತರಗತಿಯಲ್ಲಿ ನಾಲ್ಕು ಮಕ್ಕಳನ್ನು ಒಂದೇ ಚೀಲಕ್ಕೆ ತುಂಬಿದರೆ ಏನನ್ನಬೇಕು? ನಾವು ಬೇಡಿದ ನ್ಯಾಯವನ್ನು ನಾವು ಕೊಡುವುದು ಬೇಡವೇ?

ಕನ್ನಡದ ಋಣವನ್ನೂ ನೆನೆಯಿರಿ. ಎರಡೇ ಸಂಸ್ಕಾರದ ಆ ಬಾಸೆಲ್ ಮಿಶನ್ನಿನವರೇ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ್ದು. ಕಿಟ್ಟೆಲರು 1894ರಲ್ಲಿ ನಿಘಂಟು ಕೊಟ್ಟದ್ದು. ವರ್ಷವರ್ಷವೂ ಕಿಟ್ಟೆಲರ ಫೋಟೋಕ್ಕೆ ಹಾರ ಹಾಕುತ್ತೇವೆ, ಅವರ ಸಭೆಯ ಹುಡುಗ ತನ್ನ ಸಭೆಯ ಉತ್ತರ ಬರೆದರೆ ಅಡ್ಡಗೆರೆ ಎಳೆಯುತ್ತೇವೆ. ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಕರ್ತನ ಭೋಜನ, ಸಭಾಪಾಲಕ, ಇವು ಅಪ್ಪಟ ಬಳಕೆಯ ಕನ್ನಡ ಪದಗಳು. ನಮ್ಮ ಮಕ್ಕಳಲ್ಲಿ ಕೆಲವರು ಶಾಲೆಯ ಹೊರಗೆ ಕನ್ನಡವನ್ನು ಗಟ್ಟಿಯಾಗಿ ಓದುವ, ಹಾಡುವ ಒಂದೇ ಜಾಗ ಅವರ ಚರ್ಚು. ಅದನ್ನು ಕನ್ನಡದ ಜಾಗ ಎಂದು ನಾವು ಎಣಿಸಿಯೇ ಇಲ್ಲ.

ನಮ್ಮದೇ ಮಾತನ್ನು ತಿರುಗಿಸಿ ನೋಡಿದರೆ ತಪ್ಪು ಬೇಗ ಕಾಣುತ್ತದೆ. ಹಿಂದೂಗಳಿಗೆ ಎಷ್ಟು ಸಂಸ್ಕಾರಗಳು? ಹದಿನಾರು ಎಂದು ಥಟ್ಟನೆ ಹೇಳುತ್ತೇವೆ. ಗೌತಮ ಧರ್ಮಸೂತ್ರ ನಲವತ್ತು ಎನ್ನುತ್ತದೆ. ಉಪನಯನವೇ ಇಲ್ಲದ ಮನೆಗಳ ಮಕ್ಕಳು ನಮ್ಮ ತರಗತಿಯಲ್ಲಿ ಎಷ್ಟು ಮಂದಿ ಇಲ್ಲ? ಅವರು ಹದಿನಾರು ಎಂದು ಬರೆಯದಿದ್ದರೆ ಅಂಕ ಕಳೆಯುತ್ತೇವೆಯೇ?

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಅಲ್ಲ. ಪ್ರಶ್ನೆ ತಿದ್ದಬೇಕು. "ಕ್ರೈಸ್ತರಿಗೆ" ಎನ್ನುವ ಬದಲು "ಕ್ಯಾಥೊಲಿಕ್ ಸಭೆಯಲ್ಲಿ", "ಸಿ.ಎಸ್.ಐ. ಸಭೆಯಲ್ಲಿ" ಎಂದರೆ ಮುಗಿಯಿತು. ಒಂದೇ ಪದ ಹೆಚ್ಚು. ಮಗು ಕುಮ್ಗಾರ್ ಎಂದರೆ ಕುಮ್ಗಾರ್ ಎಂದೇ ಮೊದಲು ಬರೆದುಕೊಂಡು, ಪಕ್ಕದಲ್ಲಿ ಪರಮಪ್ರಸಾದ ಎಂಬ ಕನ್ನಡವನ್ನು ಕೊಡಬೇಕು. ಕುರ್ಬಾನ ಎಂದರೆ ಅದನ್ನೂ ಹಾಗೆಯೇ. ಡಿಸೆಂಬರಿನಲ್ಲಿ ಕೇಕು ತರುವ ಮುಂಚೆ ಆ ಮಕ್ಕಳ ಮನೆಯಲ್ಲಿ ಏನು ಕ್ರಮ ಎಂದು ಒಂದು ಮಾತು ಕೇಳಬೇಕು. ಗೊತ್ತಿಲ್ಲದ್ದನ್ನು ಮಕ್ಕಳ ತಂದೆತಾಯಿಯರ ಹತ್ತಿರ ಕೇಳಲು ಅಧ್ಯಾಪಕರಿಗೆ ನಾಚಿಕೆ ಬೇಡ. ನಾವು ಕೇಳಿದೆವು. ಯಾರೂ ಬಾಗಿಲು ಹಾಕಲಿಲ್ಲ, ಚಹಾ ಕೊಟ್ಟು ಕೂರಿಸಿ ಹೇಳಿದರು.

ಆ ಹುಡುಗನ ಉತ್ತರ ಪತ್ರಿಕೆಯನ್ನು ತರಿಸಿ ಅಡ್ಡಗೆರೆಯನ್ನು ಹೊಡೆದುಹಾಕಿ ಒಂದು ಅಂಕ ಕೊಟ್ಟೆವು. ತರಗತಿಯ ಎದುರೇ ತಪ್ಪು ನಮ್ಮದು ಎಂದು ಹೇಳಿದೆವು. ಪೆಂತೆಕೋಸ್ತ್ ಹುಡುಗನಿಗೆ ಆ ದಿನ ಹೇಳಬೇಕಾಗಿದ್ದ ಮಾತು ಮಾತ್ರ ಬಾಕಿ ಉಳಿದಿದೆ. ಅವನು ಈಗ ಹೈಸ್ಕೂಲಿಗೆ ಹೋಗಿದ್ದಾನೆ, ಇಂಗ್ಲಿಷ್ ಮಾಧ್ಯಮಕ್ಕೆ. ನಮ್ಮ ನಗುವೇ ಕಾರಣ ಎಂದು ನಾವು ಹೇಳುವುದಿಲ್ಲ. ಅಲ್ಲ ಎಂದು ಹೇಳುವ ಧೈರ್ಯವೂ ನಮಗಿಲ್ಲ.